ಥೈರಾಯ್ಡ್ ಮಾತ್ರೆ ನುಂಗುವವರ ಮನೆಮಂದಿಗೆ ಒಂದು ಬಹಿರಂಗ ಪತ್ರ

ಮಾನ್ಯ ಅತ್ತೆಯವರಿಗೆ, ಮಾವನವರಿಗೆ, ಯಜಮಾನರಿಗೆ, ಬೆಳೆದ ಮಕ್ಕಳಿಗೆ, ಮತ್ತು ಯಾರಿಗೆ ಏನೇ ಆದರೂ ಫೋನಿನಲ್ಲೇ ಮದ್ದು ಹೇಳುವ ದೂರದ ನೆಂಟರಿಗೆ,



ಸಕಲೇಶಪುರದ ಕಡೆಯ ಒಂದು ಸಣ್ಣ ಪೇಟೆಯಲ್ಲಿ ಔಷಧಿ ಅಂಗಡಿ ಇಟ್ಟುಕೊಂಡಿರುವವಳು ನಾನು. ಫಾರ್ಮಸಿ ಓದಿದ್ದೇನೆ, ಡಾಕ್ಟರಲ್ಲ. ಆದರೆ ಡಾಕ್ಟರು ಚೀಟಿ ಬರೆದುಕೊಟ್ಟ ಮೇಲೆ ಮನೆಗಳಲ್ಲಿ ಏನಾಗುತ್ತದೆ ಅನ್ನುವುದು ಕೌಂಟರಿನ ಹಿಂದೆ ನಿಂತವರಿಗೆ ಚೆನ್ನಾಗಿ ಕಾಣುತ್ತದೆ. ಯಾರು ಡಬ್ಬಿ ಮುಗಿಯುವ ಮುಂಚೆಯೇ ಬರುತ್ತಾರೆ, ಯಾರ ಡಬ್ಬಿ ಎಷ್ಟು ದಿನವಾದರೂ ಮುಗಿಯುವುದಿಲ್ಲ, ಯಾರು ಇದ್ದಕ್ಕಿದ್ದಂತೆ ಬರುವುದನ್ನೇ ಬಿಟ್ಟರು, ಎಲ್ಲ ಗೊತ್ತಾಗುತ್ತದೆ. ಅದನ್ನು ನೋಡಿ ನೋಡಿ ನನಗೆ ಅನ್ನಿಸಿರುವುದು ಇಷ್ಟು: ಥೈರಾಯ್ಡ್ ಮಾತ್ರೆ ನುಂಗುವ ಕೆಲಸ ಒಬ್ಬರದು, ಅದು ಮೈಗೆ ಹತ್ತುವಂತೆ ನೋಡಿಕೊಳ್ಳುವ ಕೆಲಸ ಇಡೀ ಮನೆಯದು. ಮಾತ್ರೆ ನುಂಗುವವರಿಗೆ ಬುದ್ಧಿ ಹೇಳುವವರು ಬೇಕಾದಷ್ಟಿದ್ದಾರೆ. ಅದಕ್ಕೇ ಈ ಪತ್ರ ಅವರಿಗಲ್ಲ, ನಿಮಗೆ.

ಇಂಥ ಮನೆಗಳು ಕಡಿಮೆಯೇನಿಲ್ಲ. ಬೆಂಗಳೂರೂ ಸೇರಿದಂತೆ ದೇಶದ 8 ನಗರಗಳಲ್ಲಿ ನಡೆದು 2013ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ವಯಸ್ಕರಲ್ಲಿ ನೂರಕ್ಕೆ ಸುಮಾರು 11 ಮಂದಿಗೆ ಥೈರಾಯ್ಡ್ ಕೊರತೆ ಕಂಡುಬಂದಿತ್ತು. ಗಂಡಸರಿಗೂ ಬರುತ್ತದೆ, ಹೆಂಗಸರಿಗೆ ಇನ್ನೂ ಹೆಚ್ಚು. ನಿಮ್ಮ ಬೀದಿಯಲ್ಲಿ ನಾಲ್ಕು ಬಾಗಿಲು ತಟ್ಟಿದರೆ ಒಂದು ಮನೆಯಲ್ಲಾದರೂ ಆ ಡಬ್ಬಿ ಸಿಕ್ಕೀತು.

ಮೊದಲು ಡಬ್ಬಿಯೊಳಗೆ ಇರುವುದೇನು ಅಂತ ನೋಡೋಣ. ಅಂಗಡಿಗೆ ಬಂದವರು ಥೈರೋನಾರ್ಮ್ ಅನ್ನುತ್ತಾರೆ, ಎಲ್ಟ್ರಾಕ್ಸಿನ್ ಅನ್ನುತ್ತಾರೆ, ಥೈರಾಕ್ಸ್ ಅನ್ನುತ್ತಾರೆ. ಹೆಸರು ಯಾವುದಾದರೂ ಒಳಗಿನ ಸರಕು ಒಂದೇ, ಲೆವೊಥೈರಾಕ್ಸಿನ್. ನಮ್ಮ ಕತ್ತಿನ ಮುಂಭಾಗದಲ್ಲಿ ಶ್ವಾಸನಾಳಕ್ಕೆ ಅಂಟಿಕೊಂಡಿರುವ ಥೈರಾಯ್ಡ್ ಗ್ರಂಥಿ ದಿನವೂ ತಯಾರಿಸಬೇಕಾದ ಟಿ4 ಹಾರ್ಮೋನೇ ಅದು. ನಾಲ್ಕು ಅಯೋಡಿನ್ ಪರಮಾಣು ಇರುವುದರಿಂದ ಟಿ4. ಅದರಿಂದ ಒಂದನ್ನು ಕಳಚಿ, ಹೆಚ್ಚು ಚುರುಕಾದ ಟಿ3 ಮಾಡಿಕೊಳ್ಳುವುದು ದೇಹದ ಇತರ ಅಂಗಾಂಗಗಳಿಗೆ ಗೊತ್ತು. ಹೃದಯದ ಬಡಿತ, ಕರುಳಿನ ಚಲನೆ, ಮೈ ಬಿಸಿ, ಮುಟ್ಟಿನ ಕ್ರಮ, ಚರ್ಮ, ಕೂದಲು, ಮನಸ್ಸಿನ ಲವಲವಿಕೆ ಎಲ್ಲವೂ ಅದರ ಹಿಡಿತದಲ್ಲಿವೆ. ಗ್ರಂಥಿ ಸೋತರೆ ಇವೆಲ್ಲ ಒಂದೊಂದಾಗಿ ನಿಧಾನವಾಗುತ್ತವೆ. ಸುಸ್ತು, ಚಳಿ ತಡೆಯದಿರುವುದು, ಮಲಬದ್ಧತೆ, ಮುಖ ಊದುವುದು, ದನಿ ಒರಟಾಗುವುದು, ಮರೆವು. ಮಾತ್ರೆ ಮಾಡುವುದು ಇಷ್ಟೇ, ದೇಹ ಮಾಡಲಾರದ್ದನ್ನು ಹೊರಗಿನಿಂದ ತಂದು ತುಂಬುತ್ತದೆ. ಹಾಗಾಗಿ ‘ಇಷ್ಟು ವರ್ಷ ತಿಂದರೂ ಕಾಯಿಲೆ ವಾಸಿಯಾಗಲಿಲ್ಲವಲ್ಲ’ ಅಂತ ಯಾರಾದರೂ ಕೇಳಿದರೆ, ಆ ಪ್ರಶ್ನೆಗೇ ಅರ್ಥವಿಲ್ಲ. ಸುಸ್ತಾದ ಗ್ರಂಥಿಯನ್ನು ರಿಪೇರಿ ಮಾಡುತ್ತೇನೆಂದು ಈ ಮಾತ್ರೆ ಯಾವತ್ತೂ ಹೇಳಿಲ್ಲ.

‘ಅಯೋಡಿನ್ ಉಪ್ಪು ತಿಂತೀವಲ್ಲ, ಆದರೂ ಯಾಕೆ ಬಂತು?’ ಅಂತ ಕೇಳುವವರಿದ್ದಾರೆ. ಒಳ್ಳೆಯ ಪ್ರಶ್ನೆ. ಉಪ್ಪಿಗೆ ಅಯೋಡಿನ್ ಸೇರಿಸಿ ನಾವು ತಡೆದದ್ದು ಅಯೋಡಿನ್ ಕೊರತೆಯಿಂದ ಬರುವ ಗಳಗಂಡವನ್ನು. ಹಿಮಾಚಲದ ಕಾಂಗ್ಡಾ ಕಣಿವೆಯಲ್ಲಿ ಡಾ. ವಿ. ರಾಮಲಿಂಗಸ್ವಾಮಿ ಮತ್ತು ಸಂಗಡಿಗರು 1956ರಿಂದ ನಡೆಸಿದ ಪ್ರಯೋಗ ಅದಕ್ಕೆ ದಾರಿ ತೋರಿಸಿತು, 1962ರಲ್ಲಿ ರಾಷ್ಟ್ರೀಯ ಗಳಗಂಡ ನಿಯಂತ್ರಣ ಕಾರ್ಯಕ್ರಮ ಶುರುವಾಯಿತು. ಅಯೋಡಿನ್ ಸಾಕಷ್ಟು ಸಿಗುವ ಕಡೆ ಈಗ ಹೆಚ್ಚಾಗಿ ಕಾಣುವುದು ಬೇರೆ ಕಾರಣ. ದೇಹದ ರಕ್ಷಣಾ ವ್ಯವಸ್ಥೆಯೇ ದಾರಿ ತಪ್ಪಿ ಥೈರಾಯ್ಡ್ ಗ್ರಂಥಿಯ ಮೇಲೆ ಬೀಳುತ್ತದೆ. ಜಪಾನಿನ ಹಾಶಿಮೊಟೊ ಹಕಾರು ಎಂಬ ವೈದ್ಯ 1912ರಲ್ಲಿ ನಾಲ್ವರು ಹೆಂಗಸರ ಗ್ರಂಥಿಗಳನ್ನು ಪರೀಕ್ಷಿಸಿ ಇದನ್ನು ವಿವರಿಸಿದ್ದರಿಂದ ಇದಕ್ಕೆ ಹಾಶಿಮೊಟೊ ಕಾಯಿಲೆ ಎಂದೇ ಹೆಸರು. ಇದು ಬಂದವರು ಇನ್ನೊಂದು ಚಮಚ ಉಪ್ಪು ಹೆಚ್ಚಿಗೆ ತಿಂದರೆ ಬಿ.ಪಿ. ಏರೀತು, ಥೈರಾಯ್ಡ್ ಏಳುವುದಿಲ್ಲ. ಹಾಗೆಯೇ, ಥೈರಾಯ್ಡಿಗೆ ಆಗದೆಂದು ಹೆದರಿ ಬೇಯಿಸಿದ ಹೂಕೋಸು ಎಲೆಕೋಸನ್ನು ಅವರ ತಟ್ಟೆಯಿಂದ ತೆಗೆದಿಡುವ ಅಗತ್ಯವೂ ಇಲ್ಲ.

ಇನ್ನು ‘ಇಂಗ್ಲಿಷ್ ಮಾತ್ರೆ, ದಿನಾ ತಿಂದರೆ ಕಿಡ್ನಿ ಹೋಗುತ್ತೆ’ ಅನ್ನುವ ಭಯ. ಡಬ್ಬಿಯ ಮೇಲೆ 100 ಅಂತ ಇದ್ದರೆ ಅದು 100 ಮೈಕ್ರೊಗ್ರಾಂ. ಮಿಲಿಗ್ರಾಂ ಲೆಕ್ಕದಲ್ಲಿ ಹತ್ತನೇ ಒಂದು ಭಾಗ. ಅಂಥ 10,000 ಮಾತ್ರೆಗಳಲ್ಲಿರುವ ಹಾರ್ಮೋನನ್ನೆಲ್ಲ ಕೂಡಿಸಿದರೆ ಒಂದು ಗ್ರಾಂ. ದಿನಕ್ಕೊಂದರಂತೆ ಅಷ್ಟು ನುಂಗಲು 27 ವರ್ಷ ಬೇಕು. ಮಾತ್ರೆಯಲ್ಲಿ ಉಳಿದದ್ದೆಲ್ಲ ಕೈಗೆ ಸಿಗುವಂತೆ ಮಾಡಲು ಸೇರಿಸಿದ ಪುಡಿ. ತಕ್ಕ ಪ್ರಮಾಣದಲ್ಲಿ ಕೊಟ್ಟಾಗ ಇದು ದೇಹಕ್ಕೆ ಹೊಸ ವಸ್ತುವೇ ಅಲ್ಲ. ಅಪಾಯ ಇರುವುದು ಪ್ರಮಾಣ ಹೆಚ್ಚಾದಾಗ. ಆ ಮಾತಿಗೆ ಮುಂದೆ ಬರುತ್ತೇನೆ.

ಮಾಂಸ ಮುಟ್ಟದ ಮನೆಯ ಹಿರಿಯರೊಬ್ಬರು ಒಮ್ಮೆ ದನಿ ತಗ್ಗಿಸಿ ಕೇಳಿದರು, ‘ಇದು ಪ್ರಾಣಿಯಿಂದ ತೆಗೆದದ್ದಂತೆ, ಹೌದೇನಮ್ಮಾ?’ ಅವರು ಕೇಳಿದ್ದರಲ್ಲಿ ತಪ್ಪಿಲ್ಲ, ಒಂದು ಕಾಲದಲ್ಲಿ ಹಾಗೇ ಇತ್ತು. 1891ರಲ್ಲಿ ಇಂಗ್ಲೆಂಡಿನ ನ್ಯೂಕಾಸಲ್‌ನ ವೈದ್ಯ ಜಾರ್ಜ್ ಮರ್ರೆ, ಮೈಯೆಲ್ಲ ಊದಿ ಮಂಕಾಗಿದ್ದ ಹೆಂಗಸೊಬ್ಬಳಿಗೆ ಕುರಿಯ ಥೈರಾಯ್ಡ್ ರಸವನ್ನು ಚುಚ್ಚಿ ಕೊಟ್ಟರು. ಆಕೆ ಚೇತರಿಸಿಕೊಂಡು ಮುಂದೆ 28 ವರ್ಷ ಬದುಕಿದಳು. ಅಷ್ಟು ವರ್ಷಕ್ಕೆ 870ಕ್ಕೂ ಹೆಚ್ಚು ಕುರಿಗಳ ಗ್ರಂಥಿ ಬೇಕಾಯಿತು. ಚುಚ್ಚುವುದೇ ಬೇಡ, ತಿಂದರೂ ಸಾಕು ಅಂತ ಮರುವರ್ಷವೇ ಗೊತ್ತಾಯಿತು. ಎಡ್ವರ್ಡ್ ಫಾಕ್ಸ್ ಎಂಬ ವೈದ್ಯ ಕುರಿಯ ಗ್ರಂಥಿಯನ್ನು ಸ್ವಲ್ಪ ಹುರಿದು, ಕೊಚ್ಚಿ, ಹಣ್ಣಿನ ಜೆಲ್ಲಿಯ ಜೊತೆ ವಾರಕ್ಕೊಮ್ಮೆ ತಿನ್ನಲು ಬರೆದುಕೊಟ್ಟರು. 1914ರ ಕ್ರಿಸ್‌ಮಸ್ ದಿನ ಅಮೆರಿಕದ ಮೇಯೊ ಕ್ಲಿನಿಕ್ಕಿನಲ್ಲಿ ಎಡ್ವರ್ಡ್ ಕೆಂಡಲ್ ಥೈರಾಕ್ಸಿನ್ನನ್ನು ಹರಳಿನ ರೂಪದಲ್ಲಿ ಬೇರ್ಪಡಿಸಿದರು. ಆದರೂ ರಾಶಿಗಟ್ಟಲೆ ಗ್ರಂಥಿಗಳಿಂದ ಸಿಗುತ್ತಿದ್ದುದು ಚಿಟಿಕೆಯಷ್ಟು. ಲಂಡನ್ನಿನ ಚಾರ್ಲ್ಸ್ ಹ್ಯಾರಿಂಗ್ಟನ್ 1926ರಲ್ಲಿ ಅದರ ರಚನೆ ಕಂಡುಹಿಡಿದು, ಮರುವರ್ಷ ಜಾರ್ಜ್ ಬಾರ್ಜರ್ ಜೊತೆಗೂಡಿ ಪ್ರಯೋಗಾಲಯದಲ್ಲಿ ಅದನ್ನು ತಯಾರಿಸಿಯೇ ತೋರಿಸಿದರು. ಈಗ ಬರುವ ಲೆವೊಥೈರಾಕ್ಸಿನ್ ಹೀಗೆ ರಾಸಾಯನಿಕವಾಗಿ ತಯಾರಾದದ್ದು. ಆ ಹಿರಿಯರಿಗೆ ಹೇಳಿದ್ದನ್ನೇ ನಿಮಗೂ ಹೇಳುತ್ತೇನೆ, ಆ ಹಾರ್ಮೋನಿಗಾಗಿ ಯಾವ ಕುರಿಯ ಕೊರಳನ್ನೂ ಕೊಯ್ದಿಲ್ಲ.

ಹೀಗೆ ಪ್ರತಿ ಮಾತ್ರೆಯಲ್ಲೂ ಒಂದೇ ಅಳತೆಯ ಹಾರ್ಮೋನು ಸಿಗುವಂತಾಯಿತು. 12.5, 25, 50, 75, 88, 100 ಎಂದು ಸಣ್ಣ ಸಣ್ಣ ಮೆಟ್ಟಿಲುಗಳಲ್ಲಿ ಅದು ಬರುವುದು ಯಾಕೆಂದರೆ ಈ ಚಿಕಿತ್ಸೆಯಲ್ಲಿ ಅಳತೆಯೇ ಮುಖ್ಯ. ಗ್ರಂಥಿ ಪೂರಾ ಕೆಲಸ ನಿಲ್ಲಿಸಿದ್ದರೆ ಒಬ್ಬ ವಯಸ್ಕರಿಗೆ ದಿನಕ್ಕೆ ಮೈತೂಕದ ಕಿಲೋವೊಂದಕ್ಕೆ ಸುಮಾರು 1.6 ಮೈಕ್ರೊಗ್ರಾಂ ಬೇಕಾಗುತ್ತದೆ. ಇಷ್ಟು ನಾಜೂಕಾಗಿ ಅಳೆದು ಕೊಟ್ಟದ್ದು ನಮ್ಮ ಮನೆಗಳ ಅಡುಗೆಮನೆ ತಲುಪಿದ ಮೇಲೆ ಏನಾಗುತ್ತದೆ ಅನ್ನುವುದೇ ನನ್ನ ದೂರು.

ನಮ್ಮ ಅಂಗಡಿಗೆ ಬರುವ ಒಂದು ದಂಪತಿಯ ವಿಷಯ ಹೇಳುತ್ತೇನೆ. ಇಬ್ಬರಿಗೂ ಥೈರಾಯ್ಡ್. ಇಬ್ಬರದೂ ಒಂದೇ ಕಂಪನಿಯ ಮಾತ್ರೆ. ಯಜಮಾನರು ಎದ್ದ ಕೂಡಲೇ ಹೆಂಡತಿ ನೀರಿನ ಲೋಟ, ಮಾತ್ರೆ ತಂದು ಮಂಚದ ಪಕ್ಕ ಇಡುತ್ತಾರೆ. ಅವರು ನುಂಗಿ ವಾಕಿಂಗ್ ಹೊರಡುತ್ತಾರೆ. ಒಂದು ಗಂಟೆ ಬಿಟ್ಟು ಬಂದಾಗ ಕಾಫಿ ಸಿದ್ಧ. ಅವರ ರಕ್ತ ಪರೀಕ್ಷೆಯ ರಿಪೋರ್ಟಿನಲ್ಲಿ, ಹಾರ್ಮೋನು ಸಾಲುತ್ತಿದೆಯೇ ಎಂದು ತೋರಿಸುವ ಟಿಎಸ್‌ಎಚ್ ಬರೆದಿಟ್ಟ ಹಾಗೆ ಮಿತಿಯೊಳಗೆ. ಆಕೆಯದು ಬೇರೆ ಕತೆ. ಎದ್ದು ಹಾಲು ಕಾಯಿಸಬೇಕು, ಡಿಕಾಕ್ಷನ್ ಇಳಿಸಬೇಕು, ಅತ್ತೆಗೆ ಮೊದಲ ಕಾಫಿ, ಕೆಲಸದ ಆಳುಗಳಿಗೆ ಎರಡನೆಯದು, ನಡುವೆ ಒಲೆಯ ಮುಂದೆ ನಿಂತೇ ತಾನೂ ಒಂದು ಗುಟುಕು. ಮಾತ್ರೆ ನೆನಪಾಗುವುದು ತಿಂಡಿಗೆ ಹಿಟ್ಟು ಕಲಸುವಾಗ. ಕೆಲವು ದಿನ ಕಾಫಿಯ ಜೊತೆಗೇ ನುಂಗಿದ್ದೂ ಉಂಟು. ಆಕೆಯ ಟಿಎಸ್‌ಎಚ್ 14, ಮಿತಿಗಿಂತ ಬಹಳ ಮೇಲೆ. ಡಾಕ್ಟರು ಪ್ರಮಾಣ ಏರಿಸಿ ಬರೆದ ಚೀಟಿ ಹಿಡಿದು ಬಂದಾಗ, ‘ಅಕ್ಕಾ, ಬೆಳಿಗ್ಗೆ ಹೇಗೆ ತಗೋತೀರಿ?’ ಅಂತ ಕೇಳಿದೆ. ಪಕ್ಕದಲ್ಲೇ ನಿಂತಿದ್ದ ಯಜಮಾನರಿಗೂ ಅದು ಗೊತ್ತಿರಲಿಲ್ಲ. ಮರಳಿ ಡಾಕ್ಟರ ಹತ್ತಿರ ಹೋದರು. ಹಳೆಯ ಪ್ರಮಾಣವನ್ನೇ ಎರಡು ತಿಂಗಳು ಸರಿಯಾಗಿ ತೆಗೆದುಕೊಂಡು ನೋಡಿ ಅಂದರಂತೆ. ಈಗ ಬೆಳಗಿನ ಡಿಕಾಕ್ಷನ್ ಇಳಿಸುವುದು ಯಜಮಾನರು. ಮೊದಮೊದಲು ಅದು ಬರೀ ನೀರಾಗಿರುತ್ತಿತ್ತು ಅನ್ನುವುದು ಅತ್ತೆಯವರ ದೂರು. ಆದರೆ ಸೊಸೆಯ ಟಿಎಸ್‌ಎಚ್ ಮಿತಿಯೊಳಗೆ ಬಂತು. ಆ ಮನೆಯಲ್ಲಿ ಬದಲಾಗಬೇಕಿದ್ದುದು ಮಾತ್ರೆಯ ಪ್ರಮಾಣವಲ್ಲ, ಒಲೆ ಹಚ್ಚುವ ಸರದಿ.

ಕಾರಣ ಇಷ್ಟೇ. ಲೆವೊಥೈರಾಕ್ಸಿನ್ ಕರುಳಿನಲ್ಲಿ ಹೀರಿಕೆಯಾಗಬೇಕಾದರೆ ಹೊಟ್ಟೆ ಖಾಲಿ ಇರಬೇಕು. ಬರೀ ನೀರಿನಲ್ಲಿ ನುಂಗಿ, ಕಾಫಿ ತಿಂಡಿಗೆ ಅರ್ಧದಿಂದ ಒಂದು ಗಂಟೆ ಬಿಡಬೇಕು. ಕಾಫಿಯೇ ಹೀರಿಕೆಯನ್ನು ತಗ್ಗಿಸುತ್ತದೆ, ಹಾಲು ಹಾಕಿದ್ದರೆ ಅದರ ಕ್ಯಾಲ್ಸಿಯಂ ಕೂಡ. ಕ್ಯಾಲ್ಸಿಯಂ ಮಾತ್ರೆ, ರಕ್ತಹೀನತೆಗೆ ಕೊಡುವ ಕಬ್ಬಿಣದ ಮಾತ್ರೆ ಇವು ಥೈರಾಕ್ಸಿನ್ನನ್ನು ಕರುಳಿನಲ್ಲೇ ಹಿಡಿದಿಟ್ಟುಕೊಳ್ಳುತ್ತವೆ, ಇವಕ್ಕೂ ಅದಕ್ಕೂ ನಾಲ್ಕು ಗಂಟೆಯ ಅಂತರ ಇರಲಿ. ‘ಎಲ್ಲ ಮಾತ್ರೆ ಒಟ್ಟಿಗೇ ನುಂಗಿಬಿಡು, ಕೆಲಸ ಮುಗೀತು’ ಅನ್ನುವ ಬುದ್ಧಿವಾದ ಇಲ್ಲಿ ನಡೆಯುವುದಿಲ್ಲ. ಗ್ಯಾಸಿನ ಮಾತ್ರೆ, ಎದೆಯುರಿಯ ಸಿರಪ್ಪು ದಿನಾ ತೆಗೆದುಕೊಳ್ಳುವವರಾದರೆ ಅದನ್ನೂ ಡಾಕ್ಟರಿಗೆ ಹೇಳಬೇಕು.

ಬೆಳಿಗ್ಗೆ ಆ ಒಂದು ಗಂಟೆ ಹೇಗೆ ಮಾಡಿದರೂ ಸಿಗದ ಮನೆಗಳಿಗೆ ಇನ್ನೊಂದು ದಾರಿ ಇದೆ. ರಾತ್ರಿ ಮಲಗುವಾಗ ತೆಗೆದುಕೊಂಡರೂ ಹಾರ್ಮೋನು ಚೆನ್ನಾಗಿಯೇ ಹೀರಿಕೆಯಾಗುತ್ತದೆ ಎಂದು ನೆದರ್ಲೆಂಡ್ಸಿನ ವೈದ್ಯರು 2010ರಲ್ಲಿ ಪ್ರಕಟಿಸಿದ ಅಧ್ಯಯನ ತೋರಿಸಿತು. ಆದರೆ ಊಟವಾಗಿ ಮೂರು ಗಂಟೆ ಕಳೆದಿರಬೇಕು. ಎಲ್ಲರಿಗೂ ಬಡಿಸಿ ಹತ್ತಕ್ಕೆ ಉಂಡು ಹನ್ನೊಂದಕ್ಕೆ ಮಲಗುವ ಹೆಂಗಸಿಗೆ ಇದೂ ಆಗದ ಮಾತು. ಆಕೆ ಎಂಟಕ್ಕೆ ಉಣ್ಣಬಹುದಾದ ಮನೆಯಾದರೆ ಡಾಕ್ಟರನ್ನು ಕೇಳಿ ಬದಲಾಯಿಸಿಕೊಳ್ಳಿ. ರಂಜಾನ್ ತಿಂಗಳಲ್ಲಿ ಉಪವಾಸ ಇರುವವರೂ ಹೀಗೆಯೇ ಮಲಗುವ ಹೊತ್ತಿಗೋ ಸೆಹ್ರಿಗೆ ಅರ್ಧ ಗಂಟೆ ಮೊದಲೋ ಹೊಂದಿಸಿಕೊಳ್ಳುತ್ತಾರೆ. ಏಕಾದಶಿ, ಶಿವರಾತ್ರಿಯಂದು ನೀರು ಕುಡಿಯುವ ಉಪವಾಸವಾದರೆ ಸಮಸ್ಯೆಯೇ ಇಲ್ಲ. ಖಾಲಿ ಹೊಟ್ಟೆ ತಾನಾಗಿಯೇ ಸಿಕ್ಕಿತು, ಮಾತ್ರೆ ತಪ್ಪಿಸಬೇಡಿ.

ಈಗ, ನಿಲ್ಲಿಸುವ ವಿಷಯ. ಅಂಗಡಿಗೆ ಬರುವುದನ್ನೇ ಬಿಟ್ಟವರು ಕೆಲವು ತಿಂಗಳ ಮೇಲೆ ಮತ್ತೆ ಬಂದಾಗ ಹೇಳುವ ಕತೆ ಹೆಚ್ಚುಕಡಿಮೆ ಒಂದೇ. ಮನೆಯಲ್ಲಿ ಯಾರೋ ‘ಎರಡು ವಾರ ಬಿಟ್ಟು ನೋಡು, ಏನಾಗುತ್ತೆ’ ಅಂದಿರುತ್ತಾರೆ. ಬಿಟ್ಟು ನೋಡಿರುತ್ತಾರೆ, ಏನೂ ಆಗಿರುವುದಿಲ್ಲ. ‘ನೋಡಿದೆಯಾ, ಸುಮ್ಮನೆ ತಿನ್ನಿಸುತ್ತಿದ್ದರು’ ಅನ್ನುವ ತೀರ್ಪು ಬಿದ್ದಿರುತ್ತದೆ. ಇಲ್ಲಿರುವ ಮೋಸ ತಿಳಿದುಕೊಳ್ಳಿ. ಥೈರಾಕ್ಸಿನ್ ರಕ್ತದಲ್ಲಿ ಅರ್ಧಕ್ಕೆ ಇಳಿಯಲು ಸುಮಾರು ಒಂದು ವಾರ ಹಿಡಿಯುತ್ತದೆ, ಉಳಿದ ಅರ್ಧದಲ್ಲಿ ಅರ್ಧ ಇಳಿಯಲು ಇನ್ನೊಂದು ವಾರ. ತಲೆನೋವಿನ ಮಾತ್ರೆ ಸಂಜೆಯೊಳಗೆ ಖಾಲಿ, ಇದು ಹಾಗಲ್ಲ. ಬಿಟ್ಟ ಮೊದಲ ದಿನಗಳಲ್ಲಿ ಅವರನ್ನು ನಡೆಸುತ್ತಿರುವುದು ಹಿಂದೆ ನುಂಗಿದ ಮಾತ್ರೆಗಳೇ. ತಿಂಗಳು ಕಳೆದು ಸುಸ್ತು, ಊತ, ಮಂಕು ಒಂದೊಂದಾಗಿ ಮರಳಿದಾಗ ‘ಬಿಟ್ಟು ನೋಡು’ ಅಂದವರಿಗೆ ಆ ಮಾತು ಮರೆತೇ ಹೋಗಿರುತ್ತದೆ. ‘ಇವಳದು ಇದ್ದದ್ದೇ ಸೋಮಾರಿತನ’ ಅನ್ನುವುದು ಮುಂದಿನ ತೀರ್ಪು. ಗ್ರಂಥಿ ಪೂರಾ ನಿಂತವರು ಹೀಗೆ ಬಹಳ ಕಾಲ ಬಿಟ್ಟರೆ, ಚಳಿ, ಸೋಂಕು, ಆಪರೇಷನ್ನಿನಂಥ ಹೊಡೆತ ಬಿದ್ದಾಗ ಪ್ರಜ್ಞೆಯೇ ತಪ್ಪಿ ಜೀವಕ್ಕೆ ಅಪಾಯವಾಗುವುದೂ ಉಂಟು.

ಇದೇ ನಿಧಾನದಲ್ಲಿ ಒಂದು ಅನುಕೂಲವೂ ಇದೆ. ಯಾವತ್ತೋ ಒಂದು ದಿನ ಮರೆತರೆ ಆಕಾಶ ಕಳಚಿ ಬೀಳುವುದಿಲ್ಲ, ಗದರಬೇಡಿ. ಪ್ರಮಾಣ ಬದಲಾದ ಮೇಲೆ ರಕ್ತ ಪರೀಕ್ಷೆಗೆ ಆರರಿಂದ ಎಂಟು ವಾರ ಕಾಯಬೇಕಾದದ್ದೂ ಇದಕ್ಕೇ. ಹತ್ತು ದಿನಕ್ಕೆ ಲ್ಯಾಬಿಗೆ ಓಡಿದರೆ ದುಡ್ಡು ದಂಡ. ಪರೀಕ್ಷೆಯ ದಿನ ರಕ್ತ ಕೊಟ್ಟ ಮೇಲೆ ಮಾತ್ರೆ ನುಂಗಲಿ. ಕೂದಲು ಉದುರುತ್ತದೆಂದು ಬಯೋಟಿನ್ ತಿನ್ನುತ್ತಿದ್ದರೆ ಪರೀಕ್ಷೆಗೆ ಎರಡು ದಿನ ಮುಂಚೆಯಾದರೂ ನಿಲ್ಲಿಸಲಿ, ಕೆಲವು ಲ್ಯಾಬ್ ವಿಧಾನಗಳಲ್ಲಿ ಅದು ಸಂಖ್ಯೆಯನ್ನೇ ತಲೆಕೆಳಗು ಮಾಡುತ್ತದೆ.

ರಿಪೋರ್ಟು ಓದುವುದರಲ್ಲೂ ಮನೆಮಂದಿ ಎಡವುತ್ತಾರೆ. ‘ಟಿಎಸ್‌ಎಚ್ ಜಾಸ್ತಿ ಬಂದಿದೆ, ಅಂದರೆ ಥೈರಾಯ್ಡ್ ಜಾಸ್ತಿಯಾಗಿದೆ, ಮಾತ್ರೆ ಕಡಿಮೆ ಮಾಡು’ ಅಂದ ಓದಿದ ಮಗನನ್ನು ನೋಡಿದ್ದೇನೆ. ಟಿಎಸ್‌ಎಚ್ ಥೈರಾಯ್ಡ್‌ನ ಹಾರ್ಮೋನಲ್ಲ. ಮಿದುಳಿನ ಬುಡದ ಪಿಟ್ಯೂಟರಿ ಗ್ರಂಥಿ ಥೈರಾಯ್ಡ್‌ಗೆ ಕೆಲಸ ಮಾಡೆಂದು ಕಳಿಸುವ ಆಜ್ಞೆ ಅದು. ತೋಟದಲ್ಲಿ ಆಳು ಏಳದಿದ್ದಷ್ಟೂ ಮೇಸ್ತ್ರಿಯ ಕೂಗು ಜೋರಾಗುವ ಹಾಗೆ, ಥೈರಾಕ್ಸಿನ್ ಕಡಿಮೆಯಾದಷ್ಟೂ ಟಿಎಸ್‌ಎಚ್ ಏರುತ್ತದೆ. ಏರಿದ್ದರೆ ಹಾರ್ಮೋನು ಸಾಲುತ್ತಿಲ್ಲ, ತೀರಾ ಇಳಿದಿದ್ದರೆ ಹೆಚ್ಚಾಗಿದೆ. ಸಾಮಾನ್ಯವಾಗಿ ಅರ್ಥ ಇಷ್ಟು. ಉಳಿದದ್ದನ್ನು ಡಾಕ್ಟರು ಹೇಳಲಿ.

ಮನೆಯಲ್ಲಿ ಮಾತ್ರೆ ನುಂಗುವವಳು ಬಸುರಿಯಾದರೆ ನಿಮ್ಮ ಪಾಲಿನ ಕೆಲಸ ಹೆಚ್ಚುತ್ತದೆ. ‘ಬಸುರಿಗೆ ಮಾತ್ರೆ ಬೇಡ, ಮಗುವಿಗೆ ತಟ್ಟುತ್ತೆ’ ಅನ್ನುವ ಮಾತು ಈ ವಿಷಯದಲ್ಲಿ ಪೂರಾ ಉಲ್ಟಾ. ಮೊದಲ ತಿಂಗಳುಗಳಲ್ಲಿ ಮಗುವಿನ ಥೈರಾಯ್ಡ್ ಕೆಲಸಕ್ಕೆ ಇಳಿದಿರುವುದಿಲ್ಲ, ಅದರ ಮಿದುಳು ಬೆಳೆಯುವುದು ತಾಯಿಯ ಥೈರಾಕ್ಸಿನ್ನಿನಿಂದ. ಆಗ ಮಾತ್ರೆಯನ್ನು ನಿಲ್ಲಿಸುವುದಿರಲಿ, ಸಾಮಾನ್ಯವಾಗಿ ಕಾಲು ಭಾಗಕ್ಕೂ ಹೆಚ್ಚು ಏರಿಸಬೇಕಾಗುತ್ತದೆ. ಮುಟ್ಟು ನಿಂತು ಬಸಿರು ಖಚಿತವಾದ ವಾರವೇ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ. ‘ಮೂರು ತಿಂಗಳು ತುಂಬಲಿ, ಆಮೇಲೆ ಹೇಳೋಣ’ ಅನ್ನುವ ಗುಟ್ಟು ಡಾಕ್ಟರಿಗೆ ಅನ್ವಯಿಸುವುದಿಲ್ಲ. ಇನ್ನೊಂದು ಮಾತು. ಆರೋಗ್ಯ ಕೇಂದ್ರದಲ್ಲಿ ಬಸುರಿಯರಿಗೆ ಕಬ್ಬಿಣದ ಮಾತ್ರೆ, ಕ್ಯಾಲ್ಸಿಯಂ ಮಾತ್ರೆ ಕೊಡುತ್ತಾರೆ. ಎರಡೂ ಬೇಕಾದವೇ. ಥೈರಾಯ್ಡ್ ಮಾತ್ರೆ ನಸುಕಿಗೆ, ಇವು ಊಟದ ಹೊತ್ತಿಗೆ, ಹೀಗೆ ದೂರ ಇಡುವ ಜವಾಬ್ದಾರಿ ವಾಂತಿ ಸುಸ್ತಿನಲ್ಲಿರುವ ಆಕೆಯದೊಂದೇ ಆಗದಿರಲಿ. ಬಾಣಂತಿಯೂ ಮಾತ್ರೆ ನುಂಗಬಹುದು, ಹಾಲೂಡಿಸಬಹುದು. ಹೆರಿಗೆಯ ನಂತರ ಪ್ರಮಾಣ ಎಷ್ಟಿರಬೇಕೆಂದು ಮತ್ತೆ ಕೇಳಿಕೊಳ್ಳಿ.

ಕೂಸುಗಳ ಮಾತೂ ಇಲ್ಲೇ ಹೇಳಿಬಿಡುತ್ತೇನೆ. ನಮ್ಮ ದೇಶದಲ್ಲಿ ಹೆಚ್ಚುಕಡಿಮೆ ಸಾವಿರಕ್ಕೊಂದು ಮಗು ಥೈರಾಯ್ಡ್ ಕೊರತೆ ಹೊತ್ತೇ ಹುಟ್ಟುತ್ತದೆ. ನೋಡಲು ಎಲ್ಲ ಮಕ್ಕಳ ಹಾಗೇ ಇರುತ್ತದೆ. ‘ಎಷ್ಟು ಸಾಧು ಮಗು, ಅಳುವುದೇ ಇಲ್ಲ, ಮಲಗಿದರೆ ಏಳುವುದೇ ಇಲ್ಲ’ ಅಂತ ಮನೆಮಂದಿ ಹಿಗ್ಗುವುದೂ ಉಂಟು. ಆ ಸಾಧುತನ, ಬಿಡದ ಕಾಮಾಲೆ, ಕಟ್ಟಿದ ಹೊಟ್ಟೆ ಕೆಲವೊಮ್ಮೆ ಇದರ ಲಕ್ಷಣ. ಮಗುವಿನ ಹಿಮ್ಮಡಿಯಿಂದ ಒಂದೆರಡು ಹನಿ ರಕ್ತ ತೆಗೆದು ಪತ್ತೆ ಮಾಡುವ ವಿಧಾನವನ್ನು ಕೆನಡಾದ ಕ್ವಿಬೆಕ್‌ನಲ್ಲಿ ಜ್ಯಾಂ ದ್ಯುಸೊ ಎಂಬ ವೈದ್ಯ 1970ರ ದಶಕದಲ್ಲಿ ಜಾರಿಗೆ ತಂದರು. ಎರಡು ವಾರದೊಳಗೆ ಚಿಕಿತ್ಸೆ ಶುರುವಾದರೆ ಮಗು ಉಳಿದ ಮಕ್ಕಳಂತೆಯೇ ಬೆಳೆದು ಶಾಲೆಗೆ ಹೋಗುತ್ತದೆ. ತಿಂಗಳುಗಟ್ಟಲೆ ತಡವಾದರೆ ಬುದ್ಧಿಗೆ ಆದ ನಷ್ಟ ಮರಳುವುದಿಲ್ಲ. ಚಿಕಿತ್ಸೆ ಅದೇ ಲೆವೊಥೈರಾಕ್ಸಿನ್. ಮಾತ್ರೆ ಪುಡಿ ಮಾಡಿ, ಚಮಚದಲ್ಲಿ ಸ್ವಲ್ಪ ನೀರಿಗೋ ತಾಯಿಯ ಹಾಲಿಗೋ ಬೆರೆಸಿ ಕುಡಿಸುವುದು. ಹೆರಿಗೆಯಾದ ಆಸ್ಪತ್ರೆಯಲ್ಲಿ ‘ಮಗುವಿಗೆ ಥೈರಾಯ್ಡ್ ಪರೀಕ್ಷೆ ಆಯಿತಾ?’ ಅಂತ ಕೇಳುವುದು ಅಜ್ಜಿ ತಾತಂದಿರಿಗೆ ಕಷ್ಟದ ಕೆಲಸವೇನಲ್ಲ.

ಇಷ್ಟೆಲ್ಲ ಹೇಳಿ, ಮಾತ್ರೆಯ ಏಜೆಂಟಳಂತೆ ಮಾತಾಡಿದೆ ಅಂದುಕೊಳ್ಳಬೇಡಿ. ಬೇಡದವರಿಗೆ ಇದು ಬೇಡವೇ. ಹೆಲ್ತ್ ಚೆಕಪ್ಪಿನಲ್ಲಿ ಟಿಎಸ್‌ಎಚ್ ಕೊಂಚ ಏರಿದ್ದು, ಟಿ4 ಸರಿಯಾಗಿಯೇ ಇರುವವರು ಬಹಳ ಮಂದಿ. ಯುರೋಪಿನಲ್ಲಿ 65 ದಾಟಿದ ಇಂಥ 737 ಮಂದಿಯನ್ನು ಒಳಗೊಂಡು 2017ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಹಾರ್ಮೋನು ನುಂಗಿದವರಿಗೂ ಹುಸಿ ಮಾತ್ರೆ ನುಂಗಿದವರಿಗೂ ಸುಸ್ತಿನಲ್ಲಿ ವ್ಯತ್ಯಾಸ ಕಾಣಲಿಲ್ಲ. ಆದ್ದರಿಂದ ತಾತನ ಟಿಎಸ್‌ಎಚ್ 6 ಬಂತೆಂದು ಗಾಬರಿಯಾಗಬೇಡಿ. ಎರಡು ಮೂರು ತಿಂಗಳ ಮೇಲೆ ಮರುಪರೀಕ್ಷೆ ಮಾಡಿಸಿ, ಮಾತ್ರೆ ಬೇಕೇ ಅಂತ ಡಾಕ್ಟರನ್ನು ಬಾಯಿ ಬಿಟ್ಟು ಕೇಳಿ. ಸೊಸೆಯ ಡಬ್ಬಿಯಿಂದ ಒಂದು ತೆಗೆದು ಅಜ್ಜಿಗೆ ಕೊಡುವ ಧೈರ್ಯ ಮಾತ್ರ ಮಾಡಬೇಡಿ. ವಯಸ್ಸಾದವರಿಗೆ, ಹೃದಯದ ತೊಂದರೆ ಇರುವವರಿಗೆ ಡಾಕ್ಟರುಗಳೇ 12.5 ಅಥವಾ 25ರಿಂದ ಅಳುಕುತ್ತಾ ಶುರು ಮಾಡುತ್ತಾರೆ. ಪ್ರಮಾಣ ಮೀರಿದರೆ ಎದೆಬಡಿತ ತಾಳ ತಪ್ಪುತ್ತದೆ, ಮೂಳೆ ಸವೆಯುತ್ತದೆ. ತೂಕ ಇಳಿಸಿಕೊಳ್ಳಲು ಇದನ್ನು ಕೇಳಿಕೊಂಡು ಬರುವ ಹುಡುಗಿಯರನ್ನು ನಾನು ಬರಿಗೈಯಲ್ಲಿ ಕಳಿಸುವುದೂ ಇದಕ್ಕೇ.

ತೂಕದ ಮಾತು ಬಂತಲ್ಲ. ಥೈರಾಯ್ಡ್ ಕೊರತೆಯಿಂದ ಏರುವ ತೂಕ ಸಾಮಾನ್ಯವಾಗಿ ಎರಡರಿಂದ ಐದು ಕಿಲೋ, ಅದರಲ್ಲೂ ಬಹುಪಾಲು ಮೈಯಲ್ಲಿ ನಿಂತ ಉಪ್ಪು ನೀರು. ಹಾಗಾಗಿ ‘ಮಾತ್ರೆ ತಿಂದರೂ ತೆಳ್ಳಗಾಗಲಿಲ್ಲ’ ಅಂತ ಮಾತ್ರೆಯನ್ನು ಬೈಯುವುದೂ, ದಪ್ಪಗಿರುವವರನ್ನೆಲ್ಲ ‘ಥೈರಾಯ್ಡ್ ಇರಬೇಕು’ ಅಂತ ಮದುವೆ ಮನೆಯಲ್ಲಿ ನಿರ್ಣಯಿಸುವುದೂ ಎರಡೂ ತಪ್ಪು. ನಿಮ್ಮ ಇಂಥ ಮಾತುಗಳಿಗೆ ಹೆದರಿಯೇ ಜನ ಡಬ್ಬಿ ಬಚ್ಚಿಡುತ್ತಾರೆ. ನಿಶ್ಚಿತಾರ್ಥವಾಗಿದ್ದ ಹುಡುಗಿಯೊಬ್ಬಳು ಡಬ್ಬಿ ಕೊಂಡು, ‘ಅಕ್ಕಾ, ಇದರ ಲೇಬಲ್ ಕಿತ್ತುಕೊಡ್ತೀರಾ?’ ಅಂದಳು. ಲೇಬಲ್ ಇಲ್ಲದಿದ್ದರೆ 50 ಯಾವುದು, 100 ಯಾವುದು, ಮುಗಿಯುವ ತಾರೀಖು ಯಾವುದು ಅಂತ ಗೊತ್ತಾಗುವುದಿಲ್ಲ ಅಂದೆ. ಅವಳು ಮಾತ್ರೆಗಳನ್ನು ಕುಂಕುಮದ ಭರಣಿಯಂಥ ಒಂದು ಪುಟ್ಟ ಡಬ್ಬಿಗೆ ಸುರಿದುಕೊಂಡು ಹೋದಳು. ಬೆಳಕು, ತೇವ ತಾಗಿದರೆ ಈ ಮಾತ್ರೆಯ ಶಕ್ತಿ ಕುಂದುತ್ತದೆ, ತಂದ ಡಬ್ಬಿಯಲ್ಲೇ, ಒಲೆಯಿಂದ ದೂರ ಇಡಬೇಕು. ಅವಳಿಗೂ ಗೊತ್ತಿತ್ತು. ಆದರೆ ಅವಳು ಹೊಂದಿಕೊಳ್ಳಬೇಕಾದದ್ದು ಮಾತ್ರೆಯ ಗುಣಕ್ಕಲ್ಲ, ನಿಮ್ಮ ಮನೆಯ ಗುಣಕ್ಕೆ. ಇದು ಅಂಟುರೋಗವಲ್ಲ. ಟಿಎಸ್‌ಎಚ್ ಹತೋಟಿಯಲ್ಲಿದ್ದರೆ ಮಕ್ಕಳಾಗುವುದಕ್ಕೂ ಇದು ಅಡ್ಡಿಯಲ್ಲ. ಬೀಗರಾಗುವವರು ಇದನ್ನು ಕನ್ನಡಕದಷ್ಟೇ ಸಹಜವಾಗಿ ತೆಗೆದುಕೊಂಡರೆ ಅರ್ಧ ಸುಳ್ಳುಗಳು ತಾವಾಗಿಯೇ ನಿಲ್ಲುತ್ತವೆ.

ಕೊನೆಯದಾಗಿ, ‘ಮೂರು ತಿಂಗಳಲ್ಲಿ ಥೈರಾಯ್ಡ್ ಬುಡಸಮೇತ ಗುಣ, ಮಾತ್ರೆ ಬಿಡಿಸುತ್ತೇವೆ’ ಅನ್ನುವ ಜಾಹೀರಾತುಗಳು. ಕೆಲವರ ಥೈರಾಯ್ಡ್ ತಾನಾಗಿಯೇ ಸರಿಹೋಗುವುದು ನಿಜ. ಹೆರಿಗೆಯ ನಂತರ ಬರುವ ಒಂದು ಬಗೆಯ ಥೈರಾಯ್ಡ್ ಉರಿಯೂತ ಅಂಥದ್ದು, ಹಲವರಲ್ಲಿ ವರ್ಷದೊಳಗೆ ಇಳಿಯುತ್ತದೆ. ಅಂಥವರ ಮಾತ್ರೆಯನ್ನು ಡಾಕ್ಟರೇ ರಕ್ತ ಪರೀಕ್ಷೆ ನೋಡಿಕೊಂಡು ತಗ್ಗಿಸಿ ನಿಲ್ಲಿಸುತ್ತಾರೆ. ಆದರೆ ಹಾಶಿಮೊಟೊದಿಂದ ಸವೆದುಹೋದ ಗ್ರಂಥಿಯನ್ನೋ ಆಪರೇಷನ್ ಮಾಡಿ ತೆಗೆದ ಗ್ರಂಥಿಯನ್ನೋ ಯಾವ ಕಷಾಯವೂ ಮರಳಿ ತರುವುದಿಲ್ಲ. ಮೇಲಾಗಿ ಮಾತ್ರೆಗೆ ಆಗುವ ಖರ್ಚು ದಿನಕ್ಕೆ ಕೆಲವೇ ರೂಪಾಯಿ, ಜನೌಷಧಿ ಕೇಂದ್ರದಲ್ಲಿ ಇನ್ನೂ ಅಗ್ಗ. ಗುಣಪಡಿಸುತ್ತೇವೆ ಅನ್ನುವವರ ಒಂದು ಪ್ಯಾಕೇಜಿನ ದುಡ್ಡಿನಲ್ಲಿ ವರ್ಷಗಟ್ಟಲೆ ಮಾತ್ರೆ ಬರುತ್ತದೆ. ಕಂಪನಿ ಬದಲಾಯಿಸಿದರೆ ಮಾತ್ರ ಡಾಕ್ಟರಿಗೆ ತಿಳಿಸಿ, ಆರೆಂಟು ವಾರಕ್ಕೆ ಟಿಎಸ್‌ಎಚ್ ನೋಡಿಸಿ. ತಿಂಗಳಿಗೊಂದು ಕಂಪನಿ ಬೇಡ.

ಹಾಗಾದರೆ ನಿಮ್ಮಿಂದ ಏನು ಬೇಕು? ಅತ್ತೆಯವರೇ, ಸೊಸೆ ಮಾತ್ರೆ ನುಂಗಿದ ಮೇಲೆ ಒಂದು ಗಂಟೆ ಆಕೆಗೆ ಕಾಫಿ ಕೊಡಬೇಡಿ, ಆಕೆಯಿಂದ ಕೇಳಲೂ ಬೇಡಿ. ಯಜಮಾನರೇ, ಡಿಕಾಕ್ಷನ್ ಇಳಿಸುವುದನ್ನು ಕಲಿಯಿರಿ, ಆಮೇಲೆ ಮುಂದಿನ ರಕ್ತ ಪರೀಕ್ಷೆಯ ತಾರೀಖನ್ನು ಗ್ಯಾಸ್ ಬುಕಿಂಗ್ ನೆನಪಿಟ್ಟುಕೊಳ್ಳುವಷ್ಟೇ ನಿಷ್ಠೆಯಿಂದ ನೆನಪಿಟ್ಟುಕೊಳ್ಳಿ. ಮಕ್ಕಳೇ, ಅಮ್ಮನ ಡಬ್ಬಿಯಲ್ಲಿ ಹತ್ತು ಮಾತ್ರೆ ಉಳಿದಾಗಲೇ ಹೊಸದು ತನ್ನಿ. ದೂರದ ನೆಂಟರೇ, ನಿಮ್ಮ ಕಾಳಜಿ ದೊಡ್ಡದು, ಆದರೆ ‘ಬಿಟ್ಟು ನೋಡು’ ಅನ್ನುವ ಎರಡು ಶಬ್ದ ಮಾತ್ರ ದಯವಿಟ್ಟು ನಿಮ್ಮಲ್ಲೇ ಇರಲಿ.

ಹಳೆಯ ಡಬ್ಬಿ, ಈಚಿನ ರಿಪೋರ್ಟು, ಮನೆಯಲ್ಲಿ ತಿನ್ನುವ ಉಳಿದ ಮಾತ್ರೆಗಳ ಹೆಸರು, ಇಷ್ಟು ಹಿಡಿದು ನಿಮ್ಮೂರಿನ ಔಷಧಿ ಅಂಗಡಿಗೆ ಒಮ್ಮೆ ನೀವೇ ಹೋಗಿ. ಯಾವುದನ್ನು ಯಾವಾಗ ತೆಗೆದುಕೊಳ್ಳಬೇಕೆಂದು ಫಾರ್ಮಸಿಸ್ಟರು ಒಂದು ಚೀಟಿಯಲ್ಲಿ ಬರೆದುಕೊಡುತ್ತಾರೆ, ಅದಕ್ಕೆ ದುಡ್ಡು ಕೇಳುವುದಿಲ್ಲ. ನಮ್ಮ ಅಂಗಡಿ ಬೆಳಿಗ್ಗೆ ಎಂಟಕ್ಕೆ ತೆರೆಯುತ್ತದೆ.

ಇತಿ,
ನಿಮ್ಮ ಔಷಧಿ ಅಂಗಡಿಯವಳು